ಒಂದು ಸಂಶೋಧನ ಪ್ರಬಂಧದ ಸಂತತಿ

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ಹಗರೆ ಎಂಬ ಊರಿದೆ. ಅಲ್ಲಿ ಒಂದು ದಾರಿ ಹಳೇಬೀಡಿನ ಕಡೆಗೆ ಒಡೆಯುತ್ತದೆ. ನೆಟ್ಟಗೆ ಮುಂದುವರಿದರೆ ಬೇಲೂರು. ಯಾತ್ರಿಕರು ಯಾವ ದಾರಿ ಹಿಡಿದರೂ ಸರಿಯೆ, ಕೊನೆಗೆ ನೋಡುವುದು ಹೊಯ್ಸಳ ಶಿಲ್ಪಿಗಳ ಕೈಕೆಲಸವನ್ನು. ಆ ಶಿಲ್ಪಿಗಳದು ಒಂದು ವಿಶೇಷ. ನಮ್ಮ ದೇಶದಲ್ಲಿ ದೇವಾಲಯ ಕಟ್ಟಿಸಿದ ದೊರೆಯ ಹೆಸರು ಉಳಿಯುತ್ತದೆ, ಕಟ್ಟಿದವನ ಹೆಸರು ಸಾಮಾನ್ಯವಾಗಿ ಅಳಿಯುತ್ತದೆ. ವಿಷ್ಣುವರ್ಧನನು 1117 ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯಲ್ಲಿ ಹಾಗಾಗಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಬೊಂಬೆಗಳ ಕೆಳಗೆ ಹೆಸರು ಕೆತ್ತಿ ಹೋಗಿದ್ದಾರೆ. ನೂರೈವತ್ತು ವರ್ಷಗಳ ಅನಂತರ ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ಹಾಗೆಯೇ ಮಾಡಿದನು.

ಹೆಸರು ಕೆತ್ತಿದ ಮಾತ್ರಕ್ಕೆ ಲೆಕ್ಕ ಸಿಕ್ಕುವುದಿಲ್ಲ. ಯಾರಾದರೂ ಊರೂರು ತಿರುಗಿ ಅದನ್ನು ಬರೆದುಕೊಳ್ಳಬೇಕು. ಬಿ. ಎಲ್. ರೈಸ್ ಅವರು ಆ ಕೆಲಸ ಮಾಡಿ, ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ 1902 ರಲ್ಲಿ ಹೊರತಂದರು. ತಾಲ್ಲೂಕಿಗೊಂದರಂತೆ ಕ್ರಮಸಂಖ್ಯೆ ಕೊಟ್ಟರು. ಅವರ ಬಳಿಕ ಆರ್. ನರಸಿಂಹಾಚಾರ್ಯರು ಶಿಲ್ಪಿಗಳ ಸಹಿಗಳನ್ನು ಮುತುವರ್ಜಿಯಿಂದ ಗುರುತಿಸಿದರು. ಅಂದಿನಿಂದ ಚರಿತ್ರೆ ಬರೆಯುವವರೆಲ್ಲ ‘ಬೇಲೂರು ತಾಲ್ಲೂಕು ಇಂತಿಷ್ಟನೆಯ ಶಾಸನ’ ಎಂದು ಅಡಿಟಿಪ್ಪಣಿಯಲ್ಲಿ ಕಾಣಿಸುತ್ತ ಬಂದಿದ್ದಾರೆ. ಯಾವ ಶಾಸನವನ್ನು ಎಷ್ಟು ಜನ ಎತ್ತಿ ಹೇಳಿದರು ಎಂಬುದನ್ನು ಒಬ್ಬನು ಕುಳಿತು ಎಣಿಸಿದರೆ, ಇತಿಹಾಸಕಾರರು ಯಾವುದಕ್ಕೆ ಬೆಲೆ ಕೊಟ್ಟರು ಎಂಬುದು ಒಂದು ಬಗೆಯಲ್ಲಿ ತಿಳಿಯುತ್ತದೆ. ಯಾವುದನ್ನು ಓದದೆಯೆ ಬಿಟ್ಟರು ಎಂಬುದೂ ತಿಳಿಯುತ್ತದೆ.

ವಿಜ್ಞಾನದ ಲೋಕದಲ್ಲಿ ಈ ಎಣಿಕೆ ಈಗ ಒಂದು ದೊಡ್ಡ ಉದ್ಯಮವೇ ಆಗಿದೆ. ವಿಜ್ಞಾನಿಯೊಬ್ಬನು ಎಷ್ಟು ಪ್ರಬಂಧ ಪ್ರಕಟಿಸಿದನು, ಅವನ್ನು ಇತರರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದರು ಎಂಬ ಅಂಕಿಗಳ ಮೇಲೆ ನೌಕರಿ, ಬಡ್ತಿ, ಪ್ರಶಸ್ತಿ, ಸಹಾಯಧನಗಳು ನಿಂತಿರುವುದುಂಟು. ಈ ಲೆಕ್ಕ ಹೇಗೆ ಹುಟ್ಟಿತು, ಅದು ಏನನ್ನು ಹಿಡಿಯುತ್ತದೆ, ಏನನ್ನು ಜಾರಿಸುತ್ತದೆ ಎಂಬುದನ್ನು ಬೆಂಗಳೂರಿನಲ್ಲಿಯೇ ಹುಟ್ಟಿದ ಒಂದು ಜೀವರಸಾಯನ ಪ್ರಬಂಧವನ್ನು ಹಿಡಿದು ನೋಡಬಹುದಾಗಿದೆ.

ಬೆಂಗಳೂರಿನವರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 1909 ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಜೀವರಸಾಯನ ವಿಭಾಗ ಏರ್ಪಟ್ಟದ್ದು 1921 ರಲ್ಲಿ. ಐವತ್ತು, ಅರವತ್ತರ ದಶಕಗಳಲ್ಲಿ ಆ ವಿಭಾಗದಲ್ಲಿ ಪ್ರೊಫೆಸರ್ ಪಿ. ಎಸ್. ಶರ್ಮರ ಬಳಿ ಒಂದು ಶಿಷ್ಯವೃಂದವಿತ್ತು. ಅದರಲ್ಲಿ ಒಬ್ಬರು 1935 ರಲ್ಲಿ ಹುಟ್ಟಿದ ಪೆರ್ಡೂರು ರಾಧಾಕಾಂತ ಅಡಿಗರು. ಇನ್ನೊಬ್ಬರು ಎಸ್. ಎಲ್. ಎನ್. ರಾವ್. ಅಡಿಗರು ಮೊದಲು ತೊಡಗಿದುದು ಬೂಷ್ಟಿನ ಮೇಲಿನ ಸಂಶೋಧನೆಯಲ್ಲಿ. ಹಳಸಿದ ರೊಟ್ಟಿಯ ಮೇಲೆ ಬೆಳೆಯುವಂಥ ಬೂಷ್ಟಿಗೂ ಬದುಕಲು ಅತ್ಯಲ್ಪ ಪ್ರಮಾಣದಲ್ಲಿ ಲೋಹಗಳು ಬೇಕು. ಒಂದು ಲೋಹ ಹೆಚ್ಚಾದರೆ ಮತ್ತೊಂದರ ಕೆಲಸ ಕೆಡುತ್ತದೆ. ಇದನ್ನು ಕುರಿತು ಶರ್ಮರೊಡನೆ ಅವರು ಬರೆದ ಪ್ರಬಂಧ 1961 ರಲ್ಲಿ ಇಂಗ್ಲೆಂಡಿನ ‘ಬಯೋಕೆಮಿಕಲ್ ಜರ್ನಲ್’ನಲ್ಲಿ ಬಂದಿತು. ವಿದ್ವಾಂಸರಲ್ಲಿ ಹೆಸರು ತರುವಂಥ ಕೆಲಸವೇ ಅದು. ಆದರೆ ಅದೇ ಪ್ರಯೋಗಶಾಲೆಯ ಮತ್ತೊಂದು ಮೇಜಿನ ಮೇಲೆ ಬಂದು ಕುಳಿತದ್ದು ಬಡವರ ಬೇಳೆ.

ತೊಗರಿಬೇಳೆಯಲ್ಲಿ ಕಲಬೆರಕೆಯಾಗಿ ಬರುವ ಕೇಸರಿ ಬೇಳೆಯ ವಿಷಯ ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಅದರ ಕಾಳು ದುಂಡಗಿರುವುದಿಲ್ಲ. ಮೂಲೆ ಮೂಲೆಯಾಗಿ, ಒಂದು ಮಗ್ಗುಲು ಇಳಿಜಾರಾಗಿ ಕೊಡಲಿಯ ಬಾಯಿಯಂತೆ ಕಾಣುತ್ತದೆ. ಮಧ್ಯಪ್ರದೇಶ, ಬಿಹಾರದ ಕಡೆ ಇದನ್ನು ಖೇಸರಿ, ತಿವ್ಡಾ ಎಂದು ಹೊಲದಲ್ಲಿ ಬಿತ್ತಿಯೇ ಬೆಳೆಯುತ್ತಾರೆ. ಮಳೆ ಹೋದರೂ ಇದು ಹೋಗದು. ನೀರು ನಿಂತರೂ ಕೊಳೆಯದು. ಬೇರೆ ಪೈರೆಲ್ಲ ಒಣಗಿದ ವರ್ಷ ಹೊಲದಲ್ಲಿ ಉಳಿಯುವುದು ಇದೊಂದೇ. ಆದ್ದರಿಂದಲೇ ಬರಗಾಲದಲ್ಲಿ ಜನ ಎರಡು ಮೂರು ತಿಂಗಳು ಇದನ್ನೇ ಮುಖ್ಯ ಆಹಾರವಾಗಿ ತಿನ್ನುತ್ತಾರೆ. ತಿಂದವರಲ್ಲಿ ಕೆಲವರಿಗೆ ಒಂದು ದಿನ ಬೆಳಗ್ಗೆ ಏಳಲು ಹೋದರೆ ಕಾಲು ಬಾರದು. ಮೊಣಕಾಲು ಸೆಟೆದು, ಕತ್ತರಿಯ ಅಲಗಿನಂತೆ ಕಾಲಿಗೆ ಕಾಲು ಅಡ್ಡ ಬಂದು, ಕೋಲೂರಿ ತುದಿಬೆರಳಲ್ಲಿ ನಡೆಯುವಂತಾಗುತ್ತದೆ. ಪ್ರಾಣ ಹೋಗುವುದಿಲ್ಲ. ಹೋದ ಕಾಲಂತೂ ತಿರುಗಿ ಬರುವುದಿಲ್ಲ.

ಸಾಗರ ಪ್ರಾಂತದಲ್ಲಿ 1829 ರಿಂದ ಗೋಧಿ ಬೆಳೆ ಸತತವಾಗಿ ಕೆಟ್ಟು, ಜನ ಈ ಕಾಳನ್ನೇ ನೆಚ್ಚಿದುದನ್ನೂ, 1833 ರಿಂದ ಹರೆಯದವರೇ ಹೆಚ್ಚಾಗಿ ಕಾಲು ಕಳೆದುಕೊಂಡುದನ್ನೂ ಸ್ಲೀಮನ್ ಎಂಬ ಇಂಗ್ಲಿಷ್ ಅಧಿಕಾರಿ 1844 ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಬರೆದಿಟ್ಟನು. ಸ್ಪೇನ್ ದೇಶದ ಚಿತ್ರಕಾರ ಗೋಯಾ, ನೆಪೋಲಿಯನ್ನನ ಯುದ್ಧಕಾಲದ ಮ್ಯಾಡ್ರಿಡ್ ಕ್ಷಾಮದಲ್ಲಿ ಇದೇ ಕಾಳಿನ ಹಿಟ್ಟಿಗೆ ಕೈಯೊಡ್ಡಿದ ಜನರ ಚಿತ್ರ ಬರೆದನು. ಅದರಲ್ಲಿ ನೆಲದ ಮೇಲೆ ಬಿದ್ದುಕೊಂಡ ಒಬ್ಬ ಹೆಂಗಸಿದ್ದಾಳೆ. ನಮ್ಮ ರೀವಾ ಸೀಮೆಯಲ್ಲಿ ಜೀತದಾಳುಗಳಿಗೆ ಕೂಲಿಯಾಗಿ ಹಣದ ಬದಲು ಈ ಕಾಳನ್ನೇ ಅಳೆದು ಕೊಡುವ ಪದ್ಧತಿಯಿತ್ತು. ಅಂದರೆ ಈ ರೋಗ ಕಾಳಿನಿಂದ ಬಂದುದು ಎಷ್ಟು ನಿಜವೋ ಕೂಲಿಯ ಪದ್ಧತಿಯಿಂದ ಬಂದುದೂ ಅಷ್ಟೇ ನಿಜ. 1961 ರಲ್ಲಿ ಆಹಾರ ಕಲಬೆರಕೆ ನಿಷೇಧದ ನಿಯಮಗಳಡಿ ಇದರ ಮಾರಾಟಕ್ಕೆ ತಡೆ ಬಂದಿತು. ವಿಷ ಯಾವುದೆಂದು ಮಾತ್ರ ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ.

ಬೆಂಗಳೂರಿನವರು ಹಿಡಿದ ಉಪಾಯ ಸರಳವಾದುದು. ಕಾಳಿನ ಸಾರವನ್ನು ತೆಗೆದು, ಅದರ ಘಟಕಗಳನ್ನು ಒಂದೊಂದಾಗಿ ಬೇರ್ಪಡಿಸುತ್ತ ಹೋಗಿ, ಪ್ರತಿಯೊಂದನ್ನೂ ಒಂದು ದಿನದ ಕೋಳಿಮರಿಗೆ ಚುಚ್ಚಿ ನೋಡಿದರು. ಬೆಳೆದ ಪ್ರಾಣಿಗಳಲ್ಲಿ ಮಿದುಳಿಗೆ ಒಂದು ಕಾವಲು ಇರುತ್ತದೆ. ರಕ್ತದಲ್ಲಿರುವ ಎಲ್ಲವನ್ನೂ ಅದು ಒಳಕ್ಕೆ ಬಿಡುವುದಿಲ್ಲ. ಎಳೆಯ ಮರಿಯಲ್ಲಿ ಆ ಕಾವಲು ಇನ್ನೂ ಗಟ್ಟಿಯಾಗಿರುವುದಿಲ್ಲ. ಯಾವ ಅಂಶವನ್ನು ಚುಚ್ಚಿದಾಗ ಮರಿಯ ಕತ್ತು ಹಿಂದಕ್ಕೆ ಸೆಟೆದು ಸೆಳವು ಕಾಣಿಸಿತೋ ಅದರ ಬೆನ್ನು ಹತ್ತಿದರು. ಸಿಕ್ಕಿದುದು ಒಂದು ಅಪರೂಪದ ಅಮೈನೋ ಆಮ್ಲ; ಸೊಪ್ಪುಗಳಲ್ಲಿರುವ ಆಕ್ಸಾಲಿಕ್ ಆಮ್ಲದ ಒಂದು ತುಣುಕು ಅದಕ್ಕೆ ಅಂಟಿಕೊಂಡಿತ್ತು. ಪೂರ್ಣನಾಮ ಉದ್ದವಾದ್ದರಿಂದ ಅದನ್ನು ‘ಓಡಾಪ್’ ಎಂದು ಚುಟುಕಾಗಿ ಕರೆಯುವುದು ರೂಢಿಗೆ ಬಂದಿದೆ. ‘ಬೋವಾ’ ಎಂಬ ಇನ್ನೊಂದು ಚುಟುಕು ಹೆಸರೂ ಉಂಟು.

ಮೊದಲ ಸುದ್ದಿ ‘ಕರೆಂಟ್ ಸೈನ್ಸ್’ ಪತ್ರಿಕೆಯ 1963 ರ ಸಂಪುಟದಲ್ಲಿ, 153 ನೆಯ ಪುಟದಿಂದ ಮೂರು ಪುಟಗಳಲ್ಲಿ ಬಂದಿತು. ಈ ಪತ್ರಿಕೆ ಬೆಂಗಳೂರಿನದೇ. 1932 ರಲ್ಲಿ ಆರಂಭವಾದಾಗ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾಯರು ಅದರ ಸಂಪಾದಕರಾಗಿದ್ದರು. ಈ ಲೇಖನಕ್ಕೆ ಹಾಕಿದ ಹೆಸರುಗಳ ಕ್ರಮ: ಅಡಿಗ, ರಾವ್, ಶರ್ಮ. ಮರುವರ್ಷ, 1964 ರಲ್ಲಿ, ಪೂರ್ಣ ವಿವರಗಳುಳ್ಳ ಪ್ರಬಂಧ ಅಮೆರಿಕದ ‘ಬಯೋಕೆಮಿಸ್ಟ್ರಿ’ ಪತ್ರಿಕೆಯ ಮೂರನೆಯ ಸಂಪುಟದಲ್ಲಿ 432 ರಿಂದ 436 ರವರೆಗಿನ ಪುಟಗಳಲ್ಲಿ ಅಚ್ಚಾಯಿತು. ಇಲ್ಲಿ ಹೆಸರುಗಳ ಕ್ರಮ ಬದಲಾಯಿತು: ರಾವ್, ಅಡಿಗ, ಶರ್ಮ. ಅದೇ 1964 ರಲ್ಲಿ ಮೂರ್ತಿ, ಶೇಷಾದ್ರಿ, ವೆಂಕಿಟಸುಬ್ರಹ್ಮಣ್ಯನ್ ಎಂಬವರು ಸ್ವತಂತ್ರವಾಗಿ ಇದೇ ವಸ್ತುವನ್ನು ಕುರಿತು ‘ಫೈಟೊಕೆಮಿಸ್ಟ್ರಿ’ಯಲ್ಲಿ ಪ್ರಕಟಿಸಿದರು.

ಹೆಸರುಗಳ ಕ್ರಮ ಯಾಕೆ ಹೇಳಿದೆನೆಂದರೆ, ಅದೇ ಹೊತ್ತಿಗೆ ಸಮುದ್ರದಾಚೆ ಒಬ್ಬರು ಎಣಿಕೆಯ ಯಂತ್ರವನ್ನು ಸಜ್ಜುಗೊಳಿಸುತ್ತಿದ್ದರು. ಯೂಜೀನ್ ಗಾರ್ಫೀಲ್ಡ್ ಎಂಬ ಅಮೆರಿಕದ ಗೃಹಸ್ಥರಿಗೆ ವಕೀಲರ ಒಂದು ಪುಸ್ತಕದಿಂದ ಆಲೋಚನೆ ಹೊಳೆಯಿತು. 1873 ರಿಂದ ಅಲ್ಲಿ ‘ಷೆಪರ್ಡ್ಸ್ ಸೈಟೇಷನ್ಸ್’ ಎಂಬ ಸೂಚಿ ಪ್ರಕಟವಾಗುತ್ತಿತ್ತು. ಒಂದು ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿ ಹಿಡಿದವು, ಯಾವುವು ತಳ್ಳಿಹಾಕಿದವು ಎಂಬುದು ಅದರಲ್ಲಿ ಒಂದೇ ಕಡೆ ಸಿಕ್ಕುತ್ತದೆ. ನಮ್ಮ ವಕೀಲರೂ ಹಳೆಯ ತೀರ್ಪುಗಳಿಗಾಗಿ ‘ಎ.ಐ.ಆರ್.’ ಸಂಪುಟಗಳನ್ನು ತಿರುವುತ್ತಾರೆ (ಇದು ಆಲ್ ಇಂಡಿಯಾ ರಿಪೋರ್ಟರ್, ನಮ್ಮ ಬಾನುಲಿಯ ಎ.ಐ.ಆರ್. ಅಲ್ಲ!). ಕಾನೂನಿಗೆ ಇರುವ ಈ ಅನುಕೂಲ ವಿಜ್ಞಾನಕ್ಕೇಕೆ ಇರಬಾರದೆಂದು ಗಾರ್ಫೀಲ್ಡ್ 1955 ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೇಳಿದರು. ಫಿಲಡೆಲ್ಫಿಯಾದಲ್ಲಿ ಒಂದು ಸಂಸ್ಥೆ ಕಟ್ಟಿ, 1961 ರ 613 ಪತ್ರಿಕೆಗಳಿಂದ ಸುಮಾರು 14 ಲಕ್ಷ ಉಲ್ಲೇಖಗಳನ್ನು ಆರಿಸಿ, ಕಂಪ್ಯೂಟರಿನಲ್ಲಿ ವಿಂಗಡಿಸಿ, 1963 ರಲ್ಲಿ ಐದು ಸಂಪುಟಗಳಾಗಿ ಹೊರತಂದರು. ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಎಂಬ ಹೆಸರಿನಲ್ಲಿ ಅದು 1964 ರಿಂದ ಕ್ರಮವಾಗಿ ಬರತೊಡಗಿತು.

ಗ್ರಂಥಗಳ ಲೋಕವನ್ನು ಗಣಿತದಿಂದ ಅಳೆಯಬಹುದೆಂಬ ಆಲೋಚನೆ ನಮ್ಮವರಿಗೆ ಹೊಳೆದಿರಲಿಲ್ಲವೆಂದಲ್ಲ. ಗ್ರಂಥಾಲಯ ಶಾಸ್ತ್ರದ ಆಚಾರ್ಯ ಎಸ್. ಆರ್. ರಂಗನಾಥನ್ 1948 ರಲ್ಲಿಯೇ ಇಂಗ್ಲೆಂಡಿನ ಒಂದು ಸಮ್ಮೇಳನದಲ್ಲಿ ಇಂಥ ಶಾಸ್ತ್ರವೊಂದು ಬೇಕೆಂದು ಹೇಳಿ ಅದಕ್ಕೆ ‘ಲೈಬ್ರಾಮೆಟ್ರಿ’ ಎಂದು ಹೆಸರಿಟ್ಟಿದ್ದರು. ಅವರೇ ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962 ರಲ್ಲಿ ಇಲ್ಲಿ ದಸ್ತೈವಜು ವಿಜ್ಞಾನದ ತರಬೇತಿ ಕೇಂದ್ರವನ್ನು ತೆರೆದರು. ಬೆಂಗಳೂರಿನಲ್ಲಿ ಆಗ ಕಂಪ್ಯೂಟರೂ ಇರಲಿಲ್ಲ, ಬಂಡವಾಳವೂ ಇರಲಿಲ್ಲ. ಫಿಲಡೆಲ್ಫಿಯಾದಲ್ಲಿ ಎರಡೂ ಇದ್ದವು.

ಗಾರ್ಫೀಲ್ಡ್ ಅವರ ಸೂಚಿ ಮೂಲತಃ ಎಣಿಸುವುದಕ್ಕಾಗಿ ಮಾಡಿದುದಲ್ಲ, ಹುಡುಕುವುದಕ್ಕಾಗಿ ಮಾಡಿದುದು. ಹಳೆಯ ಪ್ರಬಂಧವೊಂದು ಕೈಯಲ್ಲಿದ್ದರೆ ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಎಲ್ಲಿದ್ದಾರೆಂದು ತಿಳಿಯಬಹುದು. ವಂಶಾವಳಿಯನ್ನು ಕೆಳಮುಖವಾಗಿ ಓದಿದ ಹಾಗೆ. ಆದರೆ ವಂಶಾವಳಿ ಸಿದ್ಧವಾದ ಮೇಲೆ ಯಾರಿಗೆ ಎಷ್ಟು ಮಕ್ಕಳೆಂದು ಎಣಿಸದೆ ಬಿಡುವವರುಂಟೆ? ಎಣಿಕೆ ಆರಂಭವಾಯಿತು. ಪತ್ರಿಕೆಗಳ ‘ಪ್ರಭಾವಾಂಕ’ ಬಂದಿತು. 2005 ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ವ್ಯಕ್ತಿಗೇ ಒಂದು ಅಂಕ ಕೊಡುವ ಉಪಾಯ ಕಂಡುಹಿಡಿದರು. ಒಬ್ಬರ ಪ್ರಬಂಧಗಳಲ್ಲಿ ಹತ್ತು ಪ್ರಬಂಧಗಳು ತಲಾ ಹತ್ತು ಸಲವಾದರೂ ಉಲ್ಲೇಖಗೊಂಡಿದ್ದು, ಹನ್ನೊಂದು ಪ್ರಬಂಧಗಳಿಗೆ ತಲಾ ಹನ್ನೊಂದು ಉಲ್ಲೇಖ ದೊರೆತಿಲ್ಲವಾದರೆ ಅವರ ಅಂಕ ಹತ್ತು.

ಈಗ ನಮ್ಮ ಬೇಳೆಯ ಪ್ರಬಂಧಕ್ಕೆ ಬರೋಣ. ಮೊದಮೊದಲು ಅಚ್ಚಾದ ಸೂಚಿಯಲ್ಲಿ, ಉಲ್ಲೇಖಗೊಂಡ ಪ್ರಬಂಧವನ್ನು ಮೊದಲ ಲೇಖಕನ ಹೆಸರಿನಡಿ ಮಾತ್ರ ಪಟ್ಟಿಮಾಡುತ್ತಿದ್ದರು. 1964 ರ ಪ್ರಬಂಧವನ್ನು ಸಾವಿರ ಜನ ಉಲ್ಲೇಖಿಸಿದರೂ ಅದೆಲ್ಲ ‘ರಾವ್’ ಎಂಬಲ್ಲಿ ಸೇರುತ್ತದೆ. ಅಡಿಗರ ಹೆಸರಿನಡಿ ಹುಡುಕಿದವನಿಗೆ 1963 ರ ಕಿರುಲೇಖನ ಸಿಕ್ಕೀತೇ ಹೊರತು ಇದು ಸಿಕ್ಕದು. ಶರ್ಮರ ಹೆಸರಿನಡಿ ಎರಡೂ ಇಲ್ಲ. ಇನ್ನು ‘ರಾವ್’ ಎಂದು ಹುಡುಕುವವನ ಪಾಡನ್ನು ಕೇಳಬೇಡಿ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರುಗಳು ಮೊದಲಕ್ಷರಗಳಾಗಿ ಕುಗ್ಗಿ ಮುಂದೆ ನಿಲ್ಲುತ್ತವೆ. ಪಡುವಣದ ಸೂಚಿಕಾರ ಅವನ್ನು ಹಿಂದಕ್ಕೆ ತಳ್ಳಿ ‘ರಾವ್ ಎಸ್’ ಎಂದು ಬರೆದುಕೊಂಡರೆ, ಆ ಹೆಸರಿನಲ್ಲಿ ಎಷ್ಟು ವಿಜ್ಞಾನಿಗಳು ಒಬ್ಬರಾಗಿ ಬೆರೆತುಹೋದರೋ! ಪೆರ್ಡೂರು ಎಂಬ ಊರು ‘ಪಿ’ ಎಂಬ ಒಂದು ಅಕ್ಷರದಲ್ಲಿ ಅಡಗಿ ಕುಳಿತಿರುವುದು ಫಿಲಡೆಲ್ಫಿಯಾದವರಿಗೆ ಹೇಗೆ ಗೊತ್ತಾಗಬೇಕು? ಗಣಕಯಂತ್ರದ ಈಗಿನ ಸೂಚಿಗಳು ಎಲ್ಲ ಲೇಖಕರನ್ನೂ ಹಿಡಿಯುತ್ತವೆ, ನಿಜ. ಆದರೆ ದಶಕಗಳ ಕಾಲ ಕೀರ್ತಿ ಹಂಚಿದ ಪಟ್ಟಿಗಳು ಹಳೆಯ ಬಗೆಯವೇ.

ಇದು ನಮ್ಮವರಿಗೆ ಮಾತ್ರ ಬಂದ ಪಾಡಲ್ಲ, ಆದರೂ ನಮ್ಮವರಿಗೆ ಸ್ವಲ್ಪ ಹೆಚ್ಚಾಗಿಯೇ ಬಂದಿತೆಂದು ನನ್ನ ಎಣಿಕೆ. ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾಯರು ಹಾರ್ವರ್ಡಿನಲ್ಲಿ ಫಿಸ್ಕೆ ಎಂಬವರೊಡನೆ, ರಕ್ತದಲ್ಲಿರುವ ರಂಜಕವನ್ನು ಅಳೆಯುವ ವಿಧಾನ ಕಂಡುಹಿಡಿದು 1925 ರಲ್ಲಿ ಪ್ರಕಟಿಸಿದರು. ಜೀವರಸಾಯನದಲ್ಲಿ ಅತ್ಯಂತ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳಲ್ಲಿ ಅದೂ ಒಂದು. ಸೂಚಿಯಲ್ಲಿ ಅದು ‘ಫಿಸ್ಕೆ’ಯ ಕೆಳಗೆ. ಸುಬ್ಬರಾಯರಿಗೆ ಹಾರ್ವರ್ಡಿನಲ್ಲಿ ಕಾಯಂ ಹುದ್ದೆ ದೊರೆಯಲಿಲ್ಲ; ಔಷಧ ತಯಾರಿಸುವ ಲೆಡರ್ಲೆ ಸಂಸ್ಥೆಗೆ ಹೋಗಿ 1948 ರಲ್ಲಿ ತೀರಿಕೊಂಡರು.

ದೊಡ್ಡ ಅಂಕಿ ದೊಡ್ಡ ಶೋಧದ ಗುರುತೆ? ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಉಲ್ಲೇಖಗೊಂಡ ಪ್ರಬಂಧ ಜೀವರಸಾಯನದ್ದೇ. ಅಮೆರಿಕದ ಲೌರಿ ಮತ್ತು ಮೂವರು ಸಂಗಡಿಗರು 1951 ರಲ್ಲಿ ಬರೆದದ್ದು. 2014 ರ ಹೊತ್ತಿಗೆ ಅದರ ಲೆಕ್ಕ ಮೂರು ಲಕ್ಷ ದಾಟಿತ್ತು. ಅದರಲ್ಲಿರುವುದು ಸೃಷ್ಟಿಯ ಗುಟ್ಟಲ್ಲ, ದ್ರಾವಣದಲ್ಲಿ ಎಷ್ಟು ಪ್ರೋಟೀನಿದೆ ಎಂದು ಅಳೆಯುವ ವಿಧಾನ. ತಾಮ್ರದ ಲವಣ ಬೆರೆಸಿ, ಫೋಲಿನ್ ದ್ರಾವಣ ಹಾಕಿದರೆ ನೀಲಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಪ್ರೋಟೀನು ಹೆಚ್ಚು. ದಿನಬೆಳಗಾದರೆ ಎಲ್ಲ ಪ್ರಯೋಗಶಾಲೆಗಳಲ್ಲೂ ಬೇಕಾದ ಕೆಲಸ ಇದು, ಅಡಿಗೆಮನೆಗೆ ಪಾವು ಸೇರು ಬೇಕಾದಂತೆ. ಅದೇನೂ ಮಹಾಪ್ರಬಂಧವಲ್ಲವೆಂದು ಲೌರಿಯವರೇ ಒಪ್ಪಿದ್ದರು. 1953 ರಲ್ಲಿ ವ್ಯಾಟ್ಸನ್ ಮತ್ತು ಕ್ರಿಕ್ ಡಿ.ಎನ್.ಎ. ರಚನೆಯನ್ನು ತಿಳಿಸಿದ ಪ್ರಬಂಧ ಮೊದಲ ನೂರರ ಪಟ್ಟಿಯಲ್ಲಿ ಸೇರಿರಲಿಲ್ಲ. ಸಾವಿರಾರು ಜನ ಕಲಿತು ಪಾಠಪುಸ್ತಕಕ್ಕೆ ಹೋದ ಸತ್ಯವನ್ನು ಯಾರೂ ಅಡಿಟಿಪ್ಪಣಿ ಕೊಟ್ಟು ಹೇಳುವುದಿಲ್ಲ.

ಬೇಳೆಯ ಪ್ರಬಂಧದ ಆಯುಸ್ಸು ಇನ್ನೂ ವಿಚಿತ್ರವಾಗಿ ನಡೆಯಿತು. ಮೊದಲ ವರ್ಷಗಳಲ್ಲಿ ಅದನ್ನು ಓದಿದವರು ಆಹಾರ ವಿಜ್ಞಾನಿಗಳು. ಹೈದರಾಬಾದಿನ ಪೌಷ್ಟಿಕಾಹಾರ ಸಂಶೋಧಕರು ಕಾಳನ್ನು ಬಿಸಿನೀರಿನಲ್ಲಿ ನೆನೆಸಿ ಬಸಿದರೆ ವಿಷದ ಬಹುಭಾಗ ಹೋಗುತ್ತದೆಂದು ತೋರಿಸಿದರು. ಹಸಿದ ಮನೆಯಲ್ಲಿ ಬಸಿದ ನೀರನ್ನು ಚೆಲ್ಲುವ ಮನಸ್ಸು ಬರಬೇಕಲ್ಲ! ಅನಂತರ ನರವಿಜ್ಞಾನ ಬೆಳೆಯಿತು. ನರದಿಂದ ನರಕ್ಕೆ ಸುದ್ದಿ ಒಯ್ಯುವುದರಲ್ಲಿ ಗ್ಲುಟಮೇಟ್ ಎಂಬ ವಸ್ತುವಿನ ಪಾತ್ರ ಎಂಥದೆಂದು ತಿಳಿದ ಮೇಲೆ, ಓಡಾಪ್ ಅದರ ವೇಷ ಹಾಕಿಕೊಂಡು ನರಕೋಶಗಳನ್ನು ಅತಿಯಾಗಿ ಕೆರಳಿಸಿ ಕೊಲ್ಲುತ್ತದೆ ಎಂಬ ವಿವರಣೆ ಸಿಕ್ಕಿತು. 1986 ರಲ್ಲಿ ಸ್ಪೆನ್ಸರ್ ಮತ್ತು ಸಂಗಡಿಗರು ಕೋತಿಗಳ ಮೇಲೆ ಮಾಡಿದ ಪ್ರಯೋಗಗಳನ್ನು ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದಾಗ, ಬೆಂಗಳೂರಿನ ಇಪ್ಪತ್ತೆರಡು ವರ್ಷ ಹಳೆಯ ಪ್ರಬಂಧ ಮತ್ತೆ ಬಳಕೆಗೆ ಬಂದಿತು. ಚೀನೀಯರು ರಕ್ತಸ್ರಾವ ನಿಲ್ಲಿಸಲು ಬಳಸುವ ಒಂದು ಬೇರಿನಲ್ಲಿಯೂ ಇದೇ ವಸ್ತುವಿದೆಯೆಂದು ಕಂಡುಬಂದಿತು. ಅಲ್ಲಿ ಅದು ಮದ್ದು. ಪ್ರಬಂಧ ಪ್ರಕಟವಾದ ಎರಡೇ ವರ್ಷಗಳ ಉಲ್ಲೇಖಗಳನ್ನು ಲೆಕ್ಕ ಹಾಕುವ ‘ಪ್ರಭಾವಾಂಕ’ಕ್ಕೆ ಇದೊಂದೂ ಸಿಕ್ಕುವ ಹಾಗಿಲ್ಲ. ಅಲ್ಲದೆ, ಈ ರೋಗ ಬರುವುದು ಇಥಿಯೋಪಿಯಾ, ಬಾಂಗ್ಲಾದೇಶ, ಮಧ್ಯಭಾರತದ ಕಡುಬಡವರಿಗೆ. ಅವರ ರೋಗವನ್ನು ಕುರಿತು ಬರೆಯುವವರೇ ಕೆಲವರಾದ ಮೇಲೆ ಉಲ್ಲೇಖಿಸುವವರು ಎಲ್ಲಿಂದ ಬರಬೇಕು? ಅಂಕಿ ಚಿಕ್ಕದಾದರೆ ಅದು ಪ್ರಬಂಧದ ಕೊರತೆಯಲ್ಲ.

ಅಡಿಗರು ಬೇಳೆಯಲ್ಲಿಯೇ ನಿಲ್ಲಲಿಲ್ಲ. ಕೋಳಿಮೊಟ್ಟೆಯೊಳಗೆ ಬಿ-2 ಜೀವಸತ್ವವನ್ನು ಹೊತ್ತು ತರುವ ಒಂದು ಪ್ರೋಟೀನಿದೆ. ಅದು ಹುಟ್ಟಿನಿಂದಲೇ ಇಲ್ಲದ ಕೋಳಿ ಮೊಟ್ಟೆಯಿಟ್ಟರೂ ಒಳಗಿನ ಪಿಂಡ ಎರಡನೆಯ ವಾರದ ಹೊತ್ತಿಗೆ ಸಾಯುತ್ತದೆ. ಮೊಟ್ಟೆಯಿಡುವ ಪ್ರಾಣಿಗೆ ಇದು ಬೇಕಾದರೆ, ಗರ್ಭ ಧರಿಸುವ ಪ್ರಾಣಿಗೆ ಬೇಡವೇ ಎಂಬುದು ಅವರು ಹಾಕಿಕೊಂಡ ಪ್ರಶ್ನೆ. ಶಿಷ್ಯ ಕೆ. ಮುನಿಯಪ್ಪನವರೊಡನೆ ಬಸಿರಾದ ಇಲಿಯ ರಕ್ತದಲ್ಲಿ ಅಂಥದೇ ಪ್ರೋಟೀನನ್ನು ಹಿಡಿದು 1980 ರಲ್ಲಿ ಪ್ರಕಟಿಸಿದರು. ಅದಕ್ಕೆ ವಿರುದ್ಧವಾದ ಪ್ರತಿವಸ್ತು ದೇಹದಲ್ಲಿದ್ದರೆ ಗರ್ಭ ನಿಲ್ಲುವುದಿಲ್ಲವೆಂದೂ ಕಂಡರು. ಮುಂದೆ ನಮ್ಮ ಕಾಡುಗಳ ಕೋತಿಯಲ್ಲಿಯೂ ಇದನ್ನು ಪರೀಕ್ಷಿಸಿದರು. ಸಂತಾನ ನಿಯಂತ್ರಣಕ್ಕೆ ಚುಚ್ಚುಮದ್ದು ಸಾಧ್ಯವೇ ಎಂಬ ಆಶೆ ಇದರ ಹಿಂದಿತ್ತು. ಅಂಥ ಮದ್ದು ಜನಬಳಕೆಗೆ ಬರಲಿಲ್ಲ. 1980 ರ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದಿತು. 2006 ರಲ್ಲಿ ಅವರು ನಿಧನರಾದರು.

ರಾವ್ ಅವರು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ಬೇಳೆಯ ಕೆಲಸವನ್ನೇ ಮುಂದುವರಿಸಿದರು. 1978 ರಲ್ಲಿ ಓಡಾಪನ್ನು ಬಣ್ಣದಿಂದ ಅಳೆಯುವ ಒಂದು ವಿಧಾನವನ್ನು ಒಬ್ಬರೇ ಪ್ರಕಟಿಸಿದರು. ಕಾಳಿನ ಸಾರವನ್ನು ಕ್ಷಾರದಲ್ಲಿ ಕುದಿಸಿ ಒಂದು ರಾಸಾಯನಿಕ ಬೆರೆಸಿದರೆ ಹಳದಿ ಬಣ್ಣ ಬರುತ್ತದೆ. ಬಣ್ಣ ಎಷ್ಟು ಗಾಢವೋ ವಿಷ ಅಷ್ಟು. ದುಬಾರಿ ಯಂತ್ರ ಬೇಡ. ವಿಷ ಕಡಮೆಯಿರುವ ತಳಿಗಾಗಿ ಸಾವಿರಾರು ಕಾಳುಗಳನ್ನು ಶೋಧಿಸಬೇಕಾದ ಸಸ್ಯತಳಿಗಾರರಿಗೆ ಇದು ಕೈಗೋಲಾಯಿತು. ಛತ್ತೀಸಗಢದಲ್ಲಿ ಈಗ ಬಿತ್ತುವ ‘ಮಹಾತಿವ್ಡಾ’ ತಳಿಯ ಕಾಳಿನಲ್ಲಿ ಓಡಾಪಿನ ಪ್ರಮಾಣ ಶೇಕಡ 0.1 ಕ್ಕಿಂತ ಕಡಮೆ. ಅದನ್ನು ಬಿತ್ತುವ ರೈತ ಬೀಜದ ಚೀಲದ ಮೇಲೆ ಓದುವುದು ತಳಿಯ ಹೆಸರೊಂದನ್ನೇ.